ಎದುರು ಬಿಸಿಲಿನ ಮರ

ಅಣ್ಣ ನನ್ನ ಹತ್ತಿರ ಏನನ್ನೂ ಕೇಳುವವನಲ್ಲ. ಅಜ್ಜಂಪುರದಲ್ಲಿ ಅವನದು ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಹೋದ ವರ್ಷ ಮನೆಯ ಹಜಾರವನ್ನು ದೊಡ್ಡದು ಮಾಡಿಸಿದ. ಯುಗಾದಿ ಊಟಕ್ಕೆ ಹೋಗಿದ್ದಾಗ ಅಲ್ಲಿನ ಬೋಳುಗೋಡೆ ತೋರಿಸಿ ಹೇಳಿದ:

“ಪೇಂಟಿಂಗ್ ಕಲೀತಿದೀಯಂತೆ. ಇಲ್ಲಿಗೊಂದು ಬರ್ಕೊಡೇ. ನಮ್ ಕಾವಲು. ಮೋಡ ಹಾಕಿರ್ಬೇಕು. ಆ ಮರ ಬರ್ಲಿ.”

“ಯಾವ್ ಮರ, ಅದೇನಾ?” ಅತ್ತಿಗೆ ಕೇಳಿದರು.

“ಅವಳಿಗೆ ಗೊತ್ತು ಬಿಡು. ಸಾಕ್ಷಿ ಹೇಳಿದೋಳು.”

ಎಲ್ಲರೂ ನಕ್ಕರು. ನಾನೂ ನಕ್ಕೆ. ‘ಸಾಕ್ಷಿ’ ಎಂದು ಅವನು ನನ್ನನ್ನು ಕರೆಯಲು ಶುರುಮಾಡಿ ನಲವತ್ತು ವರ್ಷಕ್ಕೂ ಹೆಚ್ಚಾಗಿದೆ. ನನ್ನ ಮದುವೆಯಲ್ಲಿ, ಅವನ ಮಗಳ ಮದುವೆಯಲ್ಲಿ, ಅಪ್ಪ ತೀರಿಕೊಂಡ ಹನ್ನೊಂದನೆಯ ದಿನದ ಊಟದಲ್ಲಿ ಕೂಡ ಹಾಗೆ ಕರೆದಿದ್ದಾನೆ. ಪ್ರತಿ ಸಲವೂ ನಾನು ನಕ್ಕಿದ್ದೇನೆ.

ನಡೆದದ್ದು ಇಷ್ಟು. ಅಥವಾ ನಡೆದದ್ದು ಇಷ್ಟು ಎಂದು ಹೋದ ವರ್ಷದವರೆಗೆ ನಾನು ನಂಬಿದ್ದೆ.

ನಮ್ಮೂರು ಎಮ್ಮೆದೊಡ್ಡಿ ಕಾವಲು ಎಂಬ ದೊಡ್ಡ ಹುಲ್ಲುಗಾವಲಿನ ಮೂಡಲ ಅಂಚಿನಲ್ಲಿದೆ. ಒಂದಿಷ್ಟು ಬೆದ್ದಲು ಹೊಲ, ಒಂದಿಷ್ಟು ತೆಂಗು. ಅಪ್ಪನ ಹತ್ತಿರ ಅಮೃತಮಹಲ್ ತಳಿಯ ಒಂದು ಜೊತೆ ಎತ್ತಿದ್ದವು. ಬೇಸಿಗೆ ರಜೆಯಲ್ಲಿ ಅವನ್ನು ಕಾವಲಿನ ಅಂಚಿಗೆ ಮೇಯಲು ಹೊಡೆದುಕೊಂಡು ಹೋಗುವುದು ಅಣ್ಣನ ಕೆಲಸ. ಅವನಿಗೆ ಹದಿನಾಲ್ಕು, ನನಗೆ ಒಂಬತ್ತು. ಒಂದು ಸಂಜೆ ಅವ್ವ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಗಂಟು ಕಟ್ಟಿ, ಅಣ್ಣನಿಗೆ ಕೊಟ್ಟು ಬಾ ಎಂದು ನನ್ನನ್ನು ಕಳಿಸಿದಳು. ಗಂಟಿನ ಸಮೇತ ನಾನು ಹಿಂತಿರುಗಿದೆ. ಆಮೇಲೆ ಗುಡುಗು ಮಳೆ ಬಂತು. ಮರದ ಕೆಳಗೆ ಕಟ್ಟಿದ್ದ ಒಂದು ಎತ್ತಿಗೆ ಸಿಡಿಲು ಬಡಿಯಿತು.

ಅಣ್ಣ ತೊಯ್ದು ತೊಪ್ಪೆಯಾಗಿ ಒಂಟಿ ಎತ್ತು ಹಿಡಿದುಕೊಂಡು ಬಂದ. ಮಳೆ ಶುರುವಾಗುವ ತನಕ ಮರದ ಬುಡದಲ್ಲೇ ಕೂತಿದ್ದೆ, ಇದು ಗುಡುಗಿಗೆ ಬೆದರಿ ಹಗ್ಗ ಕಿತ್ತುಕೊಂಡು ಓಡಿತು, ಇದರ ಹಿಂದೆ ಹೋದಾಗ ಸಿಡಿಲು ಬಿತ್ತು ಎಂದ. ಅಪ್ಪ ನನ್ನ ಕಡೆ ತಿರುಗಿ, ನೀನು ಹೋದಾಗ ಇವನಿದ್ದನೇನೇ ಎಂದು ಕೇಳಿದರು. ಇರಲಿಲ್ಲ ಎಂದೆ.

ಎತ್ತನ್ನು ಕಟ್ಟಿಹಾಕಿ ಎಲ್ಲಿಗೋ ಹೋಗಿದ್ದಾನೆ ಎಂದು ತೀರ್ಮಾನವಾಯಿತು. ಅಪ್ಪ ಹೊಡೆದರು. ಅದು ಎರಡು ದಿನದ ಮಾತು. ಆದರೆ “ದನ ಕಾಯಕ್ಕಾಗದೋನು ಓದಿ ಯಾವ ರಾಜ್ಯ ಆಳ್ತಾನೆ” ಎಂದು, ಶಾಲೆ ಶುರುವಾಗುವ ಮೊದಲೇ ಅವನನ್ನು ನೆಂಟರೊಬ್ಬರ ಮೋಟಾರ್ ಅಂಗಡಿಗೆ ಕೆಲಸಕ್ಕೆ ಬಿಟ್ಟರು. ನಾನು ಓದಿದೆ. ಮೈಸೂರಿನಲ್ಲಿ ಇತಿಹಾಸದಲ್ಲಿ ಎಂ.ಎ. ಮಾಡಿ, ಕಡೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಾ ಬಂದೆ. ಸಾಕ್ಷಿಯ ಮಾತನ್ನು ಸುಮ್ಮನೆ ನಂಬಬೇಡಿ, ಅವನು ಎಲ್ಲಿ ನಿಂತು ನೋಡಿದ ಎಂದು ಮೊದಲು ಕೇಳಿ ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ನನ್ನನ್ನೇ ಹಾಗೆ ಕೇಳಿಕೊಳ್ಳಬೇಕೆಂದು ಒಮ್ಮೆಯೂ ಅನ್ನಿಸಿರಲಿಲ್ಲ. ಕಂಡದ್ದನ್ನು ಹೇಳಿದೆ, ಅದರಿಂದ ಅಣ್ಣನಿಗೆ ಆದದ್ದಕ್ಕೆ ನಾನು ಹೊಣೆಯಲ್ಲ ಎಂದುಕೊಂಡೇ ಇಷ್ಟು ವರ್ಷ ಅವನ ಎದುರು ಕೂತು ಉಂಡಿದ್ದೇನೆ.

ಬಣ್ಣ ಕಲಿಯಲು ಶುರುಮಾಡಿದ್ದಕ್ಕೂ ಇದಕ್ಕೂ ಸಂಬಂಧವಿರಲಿಲ್ಲ. ಇತ್ತು ಎಂದು ಈಗ ಬರೆದರೆ ಚೆನ್ನಾಗಿರುತ್ತದೆ, ಆದರೆ ಅದು ನಿಜವಲ್ಲ. ನಮ್ಮ ಕಾಲೇಜಿನ ಹಲಗೆಗೆ ಹೆಸರು ಬರೆಯಲು ತರೀಕೆರೆಯಿಂದ ಒಬ್ಬ ಬೋರ್ಡ್ ಪೇಂಟರ್ ಬಂದಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು. ಫ್ಲೆಕ್ಸ್ ಬರುವ ಮೊದಲು ಅಂಗಡಿ ಬೋರ್ಡು, ಲಾರಿ ಹಿಂಬದಿ, ನಾಟಕದ ಪರದೆ ಎಲ್ಲ ಬರೆದವರು. ಮಧ್ಯಾಹ್ನ ಅವರು ಬುತ್ತಿ ಉಣ್ಣಲು ಹೋದಾಗ ಒಂದು ರದ್ದಿ ಪ್ಲೈವುಡ್ ತುಂಡು ನೋಡಿದೆ. ಬ್ರಷ್ ಒರೆಸಲು ಅದರ ಮೇಲೆ ಬೂದು ಬಣ್ಣವನ್ನು ಅತ್ತಿತ್ತ ಎಳೆದಿದ್ದರು. ಎಳೆದದ್ದು ಮೋಡವಾಗಿತ್ತು. ಕೆಳಗೆ ಬೆರಳಿನಿಂದ ತೀಡಿದ ಒಂದು ಗೆರೆ ನೆಲವಾಗಿತ್ತು. ಆ ತುಂಡನ್ನು ಕೇಳಿ ಮನೆಗೆ ತಂದೆ. ಮುಂದಿನ ಭಾನುವಾರ ತರೀಕೆರೆಗೆ ಹೋಗಿ, ಮೇಷ್ಟ್ರೇ, ನನಗೂ ಕಲಿಸಿ ಎಂದೆ.

“ಮೇಷ್ಟ್ರು ನೀವು ಕಣ್ರೀ. ನಾನು ಏಳನೇ ಕ್ಲಾಸು” ಎಂದರು. ಆದರೂ ಮೇಷ್ಟ್ರೇ ಎಂದೇ ಕರೆದೆ, ಅವರೂ ಕರೆಸಿಕೊಂಡರು.

ಏನು ಬರೆಯುವ ಆಸೆ ಎಂದು ಕೇಳಿದರು. “ಮೂಡ್ ಇರೋ ಥರದ ಲ್ಯಾಂಡ್‌ಸ್ಕೇಪ್” ಎಂದೆ.

“ಮೂಡ್ಲಾ? ಅಲ್ಲೇನಿದೆ ಮೇಡಂ ನೋಡಕ್ಕೆ, ಬರೀ ತೋಟ. ಆಯ್ತು ಬಿಡಿ, ನಿಮ್ಮಿಷ್ಟ.”

ಮಾಳಿಗೆಯ ಮೇಲೆ ಮೂಡಲಿಗೆ ಮುಖ ಮಾಡಿ ಸ್ಟ್ಯಾಂಡ್ ನಿಲ್ಲಿಸಿದರು. ಎರಡು ಭಾನುವಾರ ಸಂಜೆ ಅಲ್ಲಿ ನಿಂತು, ಬೆನ್ನಿಗೆ ಬಿಸಿಲು ಕಾಸಿಕೊಳ್ಳುತ್ತಾ, ತೆಂಗಿನ ತೋಟ ಬರೆದೆ. ಗರಿ ಗರಿಯೂ ಬಂತು. ಕಾಯಿಯೂ ಬಂತು. ಕ್ಯಾಲೆಂಡರಿನ ಹಾಗೆ ಹೊಳೆಯುತ್ತಿತ್ತು. ಮೂರನೆಯ ವಾರ ತಡೆಯಲಾರದೆ, “ಇದರಲ್ಲಿ ಮೂಡೇ ಬಂದಿಲ್ವಲ್ಲ ಮೇಷ್ಟ್ರೇ” ಎಂದೆ.

ಅವರು ಚಿತ್ರ ನೋಡಿದರು, ತೋಟ ನೋಡಿದರು, ತಿರುಗಿ ಸೂರ್ಯನನ್ನೂ ನೋಡಿದರು. “ಇದು ಮೂಡ್ಲೇ ತಾನೇ? ಹಿಂದ್ಗಡೆ ಮುಳುಗ್ತಾ ಇದಾನಲ್ಲ ಸೂರ್ಯ.”

ನಾನು ಹೇಳಿದ ಮೂಡ್ ದಿಕ್ಕಲ್ಲ, ಮೋಡ ಕವಿದಾಗ ಮನಸ್ಸಿಗೆ ಆಗುವಂಥದ್ದು ಎಂದು ವಿವರಿಸಿದೆ. ಅವರು ಕೆಮ್ಮು ಬರುವವರೆಗೆ ನಕ್ಕರು.

“ಬೇಜಾರು ಅಂತ ಬಾಯಿಬಿಟ್ಟು ಹೇಳಿದ್ರೆ ಆಗ್ತಿತ್ತಲ್ಲ ಮೇಡಂ. ಎರಡು ವಾರ ಬಣ್ಣ ದಂಡ. ಬೆಳಕು ಬೆನ್ನಿಗಿದ್ರೆ ಎಲ್ಲ ಕಾಣುತ್ತೆ. ಎಲ್ಲ ಕಂಡ್ಮೇಲೆ ಎಲ್ಲಿಂದ ಬತ್ತದೆ ಬೇಜಾರು? ಬೆಳಕು ಮುಖಕ್ಕಿರ್ಬೇಕು. ತಿರುಗ್ಸಿ ಪಡುವಲಿಗೆ.”

ತಿರುಗಿಸಿದೆವು. ಎಡಗಡೆಗೆ ಕೆಮ್ಮಣ್ಣುಗುಂಡಿಯ ಬೆಟ್ಟಗಳು ಒಂದರ ಹಿಂದೊಂದು, ದೂರ ಹೋದಷ್ಟೂ ತೆಳ್ಳಗಾಗುತ್ತಾ ನಿಂತಿದ್ದವು. ಅಲ್ಲಿಂದ ಕಲಿಕೆ ಶುರುವಾಯಿತು. ಕಪ್ಪು ಟ್ಯೂಬ್ ಮುಟ್ಟಬಾರದು ಎಂದರು. ಕಪ್ಪು ಬೇಕಾದರೆ ನೀಲಿಗೆ ಕಂದು ಬೆರೆಸಿ ಮಾಡಿಕೊಳ್ಳಬೇಕು, ಆಗ ಕತ್ತಲೆಯೊಳಗೆ ಗಾಳಿ ಆಡುತ್ತದೆ. ಮೊದಲ ಪದರಕ್ಕೆ ಟರ್ಪೆಂಟೈನ್ ಜಾಸ್ತಿ, ಅಗಸೆ ಎಣ್ಣೆ ಕಡಿಮೆ. “ದೋಸೆ ಹುಯ್ದಂಗೆ. ಕಾವಲಿಗೆ ಮೊದ್ಲೇ ಎಣ್ಣೆ ಸುರಿದ್ರೆ ಹಿಟ್ಟು ಹಿಡಿಯಲ್ಲ. ಎಣ್ಣೆ ಮೇಲಿಂದ ಬಿಡ್ಬೇಕು.” ಮೋಡದ ಅಂಚು ಒಣಗುವ ಮೊದಲೇ ಒಣಬ್ರಷ್‌ನಿಂದ ಬಾಚಬೇಕು. ಎಲ್ಲಕ್ಕಿಂತ ಮುಖ್ಯ, ಕಣ್ಣನ್ನು ಅರ್ಧ ಮುಚ್ಚಿ ನೋಡಬೇಕು. ಹಾಗೆ ನೋಡಿದರೆ ಮನೆ, ಮರ, ಬೇಲಿ ಎಲ್ಲ ಕರಗಿ ಬರೀ ಕತ್ತಲೆಯ ತುಂಡುಗಳು, ಬೆಳಕಿನ ತುಂಡುಗಳು ಉಳಿಯುತ್ತವೆ. ಇಷ್ಟು ವರ್ಷ ಪುಸ್ತಕ ಓದಿ ಸವೆದ ಕಣ್ಣಿಗೆ ಈ ಅರೆಗಣ್ಣಿನ ನೋಟ ಹಾಯೆನಿಸಿತು. ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ ಕೂಡ ಹಾಗೆ ನೋಡಲು ಹೋಗಿ, ನಿದ್ದೆ ಬರ್ತಿದೆಯಾ ಎಂದು ಕೇಳಿಸಿಕೊಂಡೆ.

ಅಣ್ಣ ಚಿತ್ರ ಕೇಳಿದ್ದು ಈ ಹೊತ್ತಿನಲ್ಲಿ. ಊರಿಗೆ ಹೋಗಿ ನೋಡಬೇಕೆಂದು ನನಗೆ ಅನ್ನಿಸಲಿಲ್ಲ. ಆ ಸಂಜೆ ನನ್ನ ಕಣ್ಣೊಳಗೆ ಇತ್ತಲ್ಲ. ತಲೆಯ ಮೇಲೆ ಮೂಡಲಿಂದ ಬಂದ ಕಪ್ಪು ಮೋಡ. ಎದುರಿಗೆ, ಮೋಡ ಮುಗಿಯುವಲ್ಲಿ, ಹಳದಿ ಬೆಳಕಿನ ಒಂದು ಪಟ್ಟಿ. ಆ ಪಟ್ಟಿಗೆ ಅಡ್ಡಲಾಗಿ ಒಂಟಿ ಮರ. ಮರದ ಕೆಳಗೆ ಎತ್ತು: ಹಿಂದಕ್ಕೆ ಬಾಗಿದ ಕೊಂಬು, ಕುತ್ತಿಗೆಯ ಬೂದು, ಬುಡಕ್ಕೆ ಸುತ್ತಿದ ಹಗ್ಗ. ಬೇರೆ ಯಾರೂ ಇಲ್ಲ.

ಐದು ವಾರ ಬರೆದೆ. ಅಣ್ಣ ಇಲ್ಲದ ಮರವನ್ನು ಅಣ್ಣನ ಗೋಡೆಗೇ ತೂಗುಹಾಕಲು ಹೊರಟಿದ್ದೇನೆಂಬುದು ತಿಳಿದಿರಲಿಲ್ಲವೇ ಎಂದು ಕೇಳಿದರೆ, ತಿಳಿದಿತ್ತು. ನಿಜವಿದ್ದದ್ದನ್ನೇ ಬರೆಯಬೇಕಲ್ಲ ಎಂಬ ಹಟವೂ ಇತ್ತು. ಅವನು ಬೇಕೆಂದೇ ಆ ಮರ ಕೇಳಿದ್ದಾನೆ, ನಾನು ಏನು ಬರೆಯುತ್ತೇನೆ ನೋಡಲು, ಎಂದು ಒಳಗೇ ಸ್ವಲ್ಪ ಸಿಟ್ಟೂ ಇತ್ತು.

ಮೇಷ್ಟ್ರು ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಮೋಡಕ್ಕೆ ತಲೆಯಾಡಿಸಿದರು. ಆಮೇಲೆ ಬ್ರಷ್‌ನ ಹಿಂದುಗಡೆಯಿಂದ ಎತ್ತನ್ನು ತೋರಿಸಿದರು.

“ಇದು ಬೇರೆ ಯಾವ್ದೋ ಚಿತ್ರದಿಂದ ಬಂದ್ಬಿಟ್ಟಿದೆ ಮೇಡಂ.”

“ಇಲ್ಲ ಮೇಷ್ಟ್ರೇ, ನಾನು ನೋಡಿದ್ದು.”

“ಬೆಳಕು ಎಲ್ಲಿದೆ?”

“ಎದುರಿಗೆ.”

“ಹಂಗಾದ್ರೆ ಕೊಂಬು ಹೆಂಗ್ ಕಾಣ್ತು ನಿಮಗೆ? ಎದುರು ಬಿಸ್ಲಲ್ಲಿ ಮರದ ಬುಡ ಅಂದ್ರೆ ಮಸಿ. ಒಳಗೆ ಎತ್ತಿರ್ಲಿ, ಆನೆ ಇರ್ಲಿ, ಕಾಣಲ್ಲ. ಒಂದೋ ಬೆಳಕು ತೆಗೀರಿ, ಇಲ್ಲ ಎತ್ತು ತೆಗೀರಿ. ಎರಡೂ ಇಟ್ರೆ ಸುಳ್ಳಾಗುತ್ತೆ.”

ಸುಳ್ಳು ಎಂಬ ಮಾತನ್ನು ಅವರು ಬಣ್ಣದ ಬಗ್ಗೆ ಆಡಿದ್ದು. ಅಣ್ಣನ ವಿಷಯ ಅವರಿಗೆ ನಾನು ಹೇಳಿಯೇ ಇರಲಿಲ್ಲ. ಆದರೂ ಕಣ್ಣಾರೆ ಕಂಡಿದ್ದೇನೆ ಎಂದು ವಾದಿಸಿದೆ. ಅವರು ಜಗಳಕ್ಕೆ ಬರಲಿಲ್ಲ. “ಜಾಗ ದೂರ ಇಲ್ವಲ್ಲ. ಹೋಗಿ ನೋಡನ” ಎಂದರು.

ಮೇ ತಿಂಗಳ ಒಂದು ಸಂಜೆ ಬಾಡಿಗೆ ಆಟೋದಲ್ಲಿ ಹೋದೆವು. ಆ ಮರ ಈಗಿಲ್ಲ. ಬೇರೆ ಒಂದು ಜಾಲಿಮರ, ಹೆಚ್ಚುಕಡಿಮೆ ಅದೇ ದೂರದಲ್ಲಿ, ನಿಂತಿತ್ತು. ಊರಿನಿಂದ ಕಾವಲಿಗೆ ಹೋಗುವ ಬಂಡಿದಾರಿ ನೇರ ಪಡುವಲಿಗೆ ಹೋಗುತ್ತದೆ. ಇದನ್ನು ನೋಡಿ ತಿಳಿಯಬೇಕಾಗಿರಲಿಲ್ಲ, ನನಗೆ ಗೊತ್ತಿದ್ದದ್ದೇ. ಈ ಸಲ ಮಳೆಯ ಮೋಡವಿರಲಿಲ್ಲ, ಸೂರ್ಯ ಇಳಿಯುತ್ತಿದ್ದ. ನಾನು ದಾರಿಯ ನಡುವೆ ಸ್ಟ್ಯಾಂಡ್ ನಿಲ್ಲಿಸಿ ಟ್ಯೂಬಿನಿಂದ ಬಣ್ಣ ಹಿಂಡುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತಿದರೆ ಮೇಷ್ಟ್ರು ಇಲ್ಲ. ಆಟೋದ ಹತ್ತಿರ ನೋಡಿದೆ. ಬೇಲಿಯ ಕಡೆ ನೋಡಿದೆ. ಮರದ ಕಡೆಯೂ ನೋಡಿದೆ. ವಯಸ್ಸಾದವರು, ಬಿಸಿಲಿಗೆ ಎಲ್ಲಾದರೂ ಬಿದ್ದರೇ ಎಂದು ಗಾಬರಿಯಾಗಿ ಕೂಗಿದೆ.

“ಏನ್ರೀ ಮೇಡಂ, ಕೂತು ಒಂದು ಬೀಡಿ ಸೇದಕ್ಕೂ ಬಿಡಲ್ವಲ್ಲ” ಎಂದು ಮರದ ಬುಡದಿಂದ ಉತ್ತರ ಬಂತು.

ಧ್ವನಿ ಬಂದ ಕಡೆಗೇ ನೋಡುತ್ತಾ ನಿಂತೆ. ಅವರು ಎದ್ದು ಬೆಳಕಿಗೆ ಬರುವವರೆಗೂ ನನಗೆ ಕಂಡದ್ದು ಮಸಿಯ ಮುದ್ದೆ ಮಾತ್ರ.

ಮನೆಗೆ ಬಂದು ಡೈರಿ ತೆಗೆದೆ. ತರಗತಿಯಲ್ಲಿ ಹೇಳಿಕೊಡುವ ಕ್ರಮದಲ್ಲೇ ಬರೆದೆ: ಖಂಡಿತ ಗೊತ್ತಿರುವುದು ಏನು? ರೊಟ್ಟಿಯ ಗಂಟು ವಾಪಸ್ ಬಂದದ್ದು ಖಂಡಿತ. ಮಗ ಹಸಿದಿದ್ದ ಎಂದು ಅವ್ವ ಅದನ್ನು ಹಿಡಿದುಕೊಂಡು ಅತ್ತದ್ದನ್ನು ಊರಿನ ಹೆಂಗಸರೆಲ್ಲ ನೋಡಿದ್ದರು. ನಮ್ಮ ಕಡೆ ದನ ಕಾಯುವವರು ಹತ್ತಿರ ಇಲ್ಲದಿದ್ದರೆ ಬುತ್ತಿಯನ್ನು ಮರದ ಕೊಂಬೆಗೆ ಸಿಕ್ಕಿಸಿ ಬರುವುದು ರೂಢಿ. ಎಷ್ಟೋ ಸಲ ನಾನೇ ಹಾಗೆ ಮಾಡಿದ್ದೆ. ಅಂದು ಮರದ ತನಕ ಹೋಗಿದ್ದರೆ, ಅಣ್ಣ ಇಲ್ಲದಿದ್ದರೆ, ಗಂಟು ಕೊಂಬೆಯಲ್ಲಿರಬೇಕಿತ್ತು. ಮನೆಗೆ ಬಂದಿತ್ತು. ಅಂದರೆ ನಾನು ಮರದ ತನಕ ಹೋಗಲೇ ಇಲ್ಲ. ತಲೆಯ ಮೇಲೆ ಮೋಡ ಗುಡುಗಿದಾಗ ಅರ್ಧದಲ್ಲೇ ತಿರುಗಿದೆ.

ಮತ್ತೆ ಆ ಮಾತು. ‘ಇರಲಿಲ್ಲ’ ಎಂದೆ ಎಂದು ಮೇಲೆ ಬರೆದಿದ್ದೇನೆ, ಇಷ್ಟು ವರ್ಷ ಹಾಗೆಯೇ ನೆನೆದಿದ್ದೇನೆ. ಆದರೆ ಅವ್ವ ಸಾಯುವವರೆಗೂ ಈ ಕತೆಯನ್ನು ಹೇಳುವಾಗ ನನ್ನ ಮಾತನ್ನು ಎಳೆ ಧ್ವನಿಯಲ್ಲಿ ಅನುಕರಿಸುತ್ತಿದ್ದಳು: “ಅಣ್ಣ ಕಾಣ್ಲಿಲ್ಲ ಕಣಪ್ಪಾ ಅಂತು ಮಗು.” ಕಾಣ್ಲಿಲ್ಲ. ನಮ್ಮೂರಲ್ಲಿ ಆ ಮಾತಿಗೆ ಎರಡು ಮುಖ. ಹುಡುಕಿ ಬಂದವನು ‘ಕಾಣ್ಲಿಲ್ಲ’ ಎಂದರೆ ಅವನು ಅಲ್ಲಿಲ್ಲ ಎಂದೇ ಎಲ್ಲರೂ ತಿಳಿಯುತ್ತಾರೆ. ನನ್ನ ಕಣ್ಣಿಗೆ ಬೀಳಲಿಲ್ಲ ಎಂದೂ ಆಗುತ್ತದೆ. ನಾನು ಹೇಳಿದ್ದು ಎರಡನೆಯದು. ಅಪ್ಪ ಕೇಳಿಸಿಕೊಂಡದ್ದು ಮೊದಲನೆಯದು. ನಾನು ತಿದ್ದಲಿಲ್ಲ. ಎಲ್ಲಿಯವರೆಗೆ ಹೋಗಿದ್ದೆ ಎಂದು ಕೇಳಿದರೆ ಪೆಟ್ಟು ನನಗೆ ಬೀಳುತ್ತಿತ್ತು.

ಇದನ್ನೂ ಈಗ ನಾನು ಕಟ್ಟುತ್ತಿರಬಹುದೇ? ತಪ್ಪೊಪ್ಪಿಕೊಳ್ಳುವುದರಲ್ಲೂ ಒಂದು ಸುಖವಿರುತ್ತದೆ, ಅದಕ್ಕಾಗಿ ನೆನಪು ಬಗ್ಗಬಹುದು. ಕೊಂಬು, ಕುತ್ತಿಗೆಯ ಬೂದು, ಹಗ್ಗ, ಇವೆಲ್ಲ ಎಲ್ಲಿಂದ ಬಂದವು? ಬಹುಶಃ ಮಾರನೆಯ ಬೆಳಿಗ್ಗೆ, ಬೆನ್ನಿಗೆ ಬಿಸಿಲಿರುವಾಗ, ಸತ್ತ ಎತ್ತನ್ನು ನೋಡಲು ಊರೆಲ್ಲ ಹೋದಾಗ ನಾನೂ ಹೋಗಿ ಕಂಡವು. ಬಹುಶಃ ಎಂದೇ ಬರೆದಿದ್ದೇನೆ. ಆದರೆ ಕೊಂಬೆಗೆ ಸಿಕ್ಕಿಸದ ಗಂಟು ಬಹುಶಃ ಅಲ್ಲ.

ಮುಂದಿನ ಭಾನುವಾರ ನೈಫಿನಿಂದ ಎತ್ತನ್ನು ಕೆರೆದು ತೆಗೆದೆ. ಅಡಿಯಲ್ಲಿದ್ದ ಬಣ್ಣ ಅರ್ಧ ಒಣಗಿತ್ತು, ಸಿಪ್ಪೆಯ ಹಾಗೆ ಎದ್ದು ಬಂತು. ಆ ಜಾಗಕ್ಕೆ ನೀಲಿ, ಕಂದು ಬೆರೆಸಿ ತುಂಬಿದೆ. ಮೇಷ್ಟ್ರು ನೋಡಿ, “ಈಗ ಬೇಜಾರು ಬಂತು” ಎಂದರು. ಹೊಗಳಿದ್ದು.

ಒಣಗಲು ಹದಿನೈದು ದಿನ ಬೇಕು ಎಂದರು. ನಾನು ಮೂರನೆಯ ದಿನಕ್ಕೇ ಹೊರಟೆ. ಹದಿನೈದು ದಿನದಲ್ಲಿ ನನ್ನ ಮನಸ್ಸು ಬೇರೆ ಏನಾದರೂ ಕಟ್ಟಿಕೊಂಡೀತು ಎಂಬ ಭಯ. ಬೀರೂರಿನಲ್ಲಿ ಹತ್ತಿದ ಬಸ್ಸಿನ ಕಂಡಕ್ಟರ್ ದೂರ ನಿಂತು ಟಿಕೆಟ್ ಚಾಚಿದ. “ಏನಮ್ಮ ಇದು, ಮುಟ್ಟಿದ್ರೆ ಹತ್ಕತ್ತದಾ?”

“ಹೌದಪ್ಪ. ಒಣಗಿಲ್ಲ.”

“ಒಣಗಿಸ್ಕೊಂಡು ಬರಕ್ಕೆ ಏನಾಗಿತ್ತು? ನನ್ ಯೂನಿಫಾರ್ಮ್ ಮೇಲೂ ಮರ ಬರ್ಕೊಡ್ತೀರೇನೋ.”

ಅಣ್ಣ ಅಂಗಡಿಯಲ್ಲಿದ್ದ. ಬಿಚ್ಚಿದ ಮೋಟಾರೊಂದನ್ನು ಮಡಿಲಲ್ಲಿಟ್ಟುಕೊಂಡು ತಾಮ್ರದ ತಂತಿ ಸುತ್ತುತ್ತಿದ್ದ. ನನ್ನನ್ನು, ಕೈಯಲ್ಲಿದ್ದದ್ದನ್ನು ನೋಡಿ ಎದ್ದ. ಕೈ ತೊಳೆದು ಬಂದ. ಕ್ಯಾನ್ವಾಸನ್ನು ಬೆಂಚಿನ ಮೇಲೆ ಗೋಡೆಗೆ ಒರಗಿಸಿಟ್ಟೆ. ಅವನು ಹತ್ತಿರ ಬಗ್ಗಿದ, ಹಿಂದೆ ಸರಿದ, ಮತ್ತೆ ಬಗ್ಗಿದ.

“ಎತ್ತೆಲ್ಲೇ?”

“ಮರದ ಬುಡದಲ್ಲಿದೆ. ಎದುರು ಬಿಸ್ಲು, ಕಾಣಲ್ಲ.”

ಅವನು ಮತ್ತೆ ಬಗ್ಗಿ ಮರದ ಬುಡ ನೋಡಿದ. ನಾನೇ ಹೇಳಿದೆ.

“ಅಣ್ಣಾ, ಅವತ್ತು ನಾನು ಮರದ ತನಕ ಬರ್ಲೇ ಇಲ್ಲ. ಗುಡುಗಿಗೆ ಹೆದ್ರಿ ಅರ್ಧ ದಾರಿಗೇ ತಿರುಗ್ದೆ. ನೀನು ನನ್ ಕಣ್ಣಿಗೆ ಕಾಣ್ಲಿಲ್ಲ, ಅಷ್ಟೇ. ನೀನು ಇರ್ಲಿಲ್ಲ ಅಂತ ಅಪ್ಪ ತಿಳ್ಕೊಂಡ್ರು. ನಾನೂ ಹಂಗೇ ನಂಬ್ಕೊಂಡ್ ಬಿಟ್ಟೆ. ತಪ್ಪಾಯ್ತು.”

“ಗೊತ್ತು” ಎಂದ ಅಣ್ಣ.

“ಏನ್ ಗೊತ್ತು?”

“ನೀನು ಬಂದು ವಾಪಸ್ ಹೋಗಿದ್ದು. ನೋಡ್ತಾನೇ ಇದ್ನಲ್ಲ. ಬಿಸ್ಲೆಲ್ಲ ನಿನ್ ಮೇಲೇ ಬಿದ್ದಿತ್ತು, ಹಿಂದ್ಗಡೆ ಕರೀ ಮೋಡ. ಕೈಯಲ್ಲಿರೋ ಗಂಟೂ ಕಾಣ್ತಿತ್ತು. ಹೊಟ್ಟೆ ಬೇರೆ ಹಸ್ದಿತ್ತು. ಈ ಮುಂಡೇದು ರೊಟ್ಟಿ ತಗೊಂಡು ವಾಪಸ್ ಹೊಂಟೋಯ್ತಲ್ಲ ಅಂತ ಬೈಕೊಂಡೆ.”

ನಾನು ಅವನನ್ನು ಕಾಣದಿದ್ದ ಬೆಳಕೇ ಅವನಿಗೆ ನನ್ನನ್ನು ತೋರಿಸಿತ್ತು. ಐದು ತಿಂಗಳು ಬೆಳಕಿನ ಪಾಠ ಕೇಳಿದ ನನಗೆ ಇದು ಹೊಳೆದಿರಲಿಲ್ಲ.

“ಅಪ್ಪಂಗೆ ಹೇಳ್ಬಾರ್ದಿತ್ತಾ?”

“ಹೇಳ್ದೆ. ಮಗೂ ಮೇಲೆ ಹಾಕ್ತೀಯೇನೋ ಅಂತ ಇನ್ನೊಂದು ಬಿತ್ತು. ಆಮೇಲೆ ಸುಮ್ನಾದೆ.”

“ನನ್ನನ್ನಾದ್ರೂ ಕೂಗ್ಬಾರ್ದಿತ್ತಾ ಅಣ್ಣ?”

“ಕೂಗ್ದೆ. ಹೆದ್ರಬೇಡ ಕಣೇ, ನಾನಿಲ್ಲಿದೀನಿ ಅಂತ. ಗಾಳಿ ನಿನ್ ಕಡೆಯಿಂದ ನನ್ ಕಡೆಗೆ ಹೊಡೀತಿತ್ತು. ನಿನಗೆಲ್ಲಿ ಕೇಳ್ಸುತ್ತೆ.”

ಅವನ ನೆನಪನ್ನೂ ಪರೀಕ್ಷಿಸಬೇಕಲ್ಲವೇ ಎಂದು ನನ್ನೊಳಗಿನ ಇತಿಹಾಸದ ಮೇಡಂ ಕೇಳಿದಳು. ಹದಿನಾಲ್ಕರ ಹುಡುಗ ಅಷ್ಟು ಅಕ್ಕರೆಯಿಂದ ಕೂಗಿದ್ದನೇ, ಬೈದಿದ್ದನೇ, ಕೂಗಿದ್ದೇ ನಿಜವೇ? ಮೋಡ ಮೂಡಲಿನದು, ಗಾಳಿಯ ದಿಕ್ಕು ಸರಿಹೊಂದುತ್ತದೆ ಎಂದು ಲೆಕ್ಕ ಹಾಕಿದ್ದೂ ನೆನಪಿದೆ. ಆಮೇಲೆ ಲೆಕ್ಕ ನಿಲ್ಲಿಸಿದೆ. ಅವನನ್ನು ನಂಬದೆ ಒಂದು ಜನ್ಮ ಕಳೆದಾಗಿತ್ತು.

ಅಣ್ಣ ಒಳಮನೆಯ ಕಡೆ ತಿರುಗಿ ಕರೆದ. “ಲೇ, ಬಾ ಇಲ್ಲಿ. ಮಗನ್ನೂ ಕರಿ.”

ಅತ್ತಿಗೆ ಸೆರಗಿಗೆ ಕೈ ಒರೆಸುತ್ತಾ ಬಂದರು, ಹಿಂದೆಯೇ ಅವರ ಮಗ. ಚಿತ್ರ ನೋಡಿ, ಚೆನ್ನಾಗಿದೆ, ಆದರೆ ಕತ್ತಲೆ ಜಾಸ್ತಿಯಾಯಿತಲ್ಲವೇ ಎಂದರು.

“ಈಗ ನನಗೆ ಹೇಳಿದ್ದನ್ನ ಇವರಿಗ್ ಹೇಳು” ಎಂದ ಅಣ್ಣ ನನಗೆ. “ನಾನು ಹೇಳಿ ಹೇಳಿ ಸಾಕಾಗಿದೆ. ಇವರು ನಂಬಿದೋರಂಗೆ ಮಾಡ್ತಾರೆ, ನಂಬಲ್ಲ.”

ಅತ್ತಿಗೆ ನಗಲು ಹೋದವರು ಅವನ ಮುಖ ನೋಡಿ ಸ್ಟೂಲ್ ಎಳೆದುಕೊಂಡು ಕೂತರು. ನಾನು ಬೆಂಚಿನ ತುದಿಯಲ್ಲಿ ಕೂತು, ಅವ್ವ ಗಂಟು ಕಟ್ಟಿಕೊಟ್ಟಲ್ಲಿಂದ ಶುರುಮಾಡಿದೆ. ಎಲ್ಲಿಯವರೆಗೆ ನಡೆದಿದ್ದೆನೋ ಅಲ್ಲಿಯವರೆಗಿನದನ್ನು ಮಾತ್ರ ಹೇಳಿದೆ. ಅಲ್ಲಿಂದ ಮುಂದಕ್ಕೆ ಅಣ್ಣ ಹೇಳಿದ.